ಚಿಕ್ಕೋಡಿಯ ಒತ್ತಕ್ಷರ, ಅಥಣಿಯ ಚಪ್ಪಲಿ: ಜಾಲತಾಣ ಕಟ್ಟುವವನ ಟಿಪ್ಪಣಿ

ಬೆಳಗಾವಿ ಜಿಲ್ಲೆಯ ಗಡಿಭಾಗದ ಐದು ಊರುಗಳ ಹೆಸರನ್ನು ಜಾಲಪುಟವೊಂದರಲ್ಲಿ ಗುಂಡಿಗಳಾಗಿ ಜೋಡಿಸಿ ನೋಡಿ. ರಾಯಬಾಗ, ಅಥಣಿ, ಕಾಗವಾಡ ತಕರಾರಿಲ್ಲದೆ ಕುಳಿತುಕೊಳ್ಳುತ್ತವೆ. ಚಿಕ್ಕೋಡಿ, ನಿಪ್ಪಾಣಿಗಳ ಮಾತು ಬೇರೆ. ‘ಕ’ಕಾರ, ‘ಪ’ಕಾರಗಳ ಒತ್ತುಗಳು ಸಾಲಿನಿಂದ ಕೆಳಗಿಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಗುಂಡಿಯಲ್ಲಿ ಅವಕ್ಕೆ ಜಾಗವಿರುವುದಿಲ್ಲ. ಒತ್ತು ಅರ್ಧಕ್ಕೇ ಕಡಿದುಹೋಗಿ ಚಿಕ್ಕೋಡಿಯು ‘ಚಿಕೋಡಿ’ಯಾಗಿಬಿಡುತ್ತದೆ.

ಪರಿಹಾರ ಸುಲಭ. ಸಾಲಿನ ಎತ್ತರವನ್ನು ಅಕ್ಷರಗಾತ್ರದ 1.2 ಪಟ್ಟಿನಿಂದ 1.6 ಪಟ್ಟಿನಷ್ಟಕ್ಕೆ ಏರಿಸಿ, ಗುಂಡಿಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸದೆ ಬಿಟ್ಟರೆ ಸಾಕು. ಆದರೆ ದೋಷವನ್ನು ಕಾಣಬೇಕಾದವನು ಕನ್ನಡ ಓದಬಲ್ಲವನಾಗಿರಬೇಕು. ಬಳಕೆದಾರರ ಅನುಭವ ಎಂದು ನಮ್ಮ ವೃತ್ತಿಯವರು ದೊಡ್ಡದಾಗಿ ಕರೆಯುವ ವಿದ್ಯೆಯು ಬಹುಪಾಲು ಇಂಥ ಸಣ್ಣ ಗಮನಗಳಿಂದಲೇ ಆಗಿದೆ.

ಈ ಸೀಮೆಯಲ್ಲಿ ಅದರ ಬೆಲೆಯನ್ನು ತೆರುತ್ತಿರುವವರು ಯಾರೆಂದು ತಿಳಿಯಲು ಚಪ್ಪಲಿಯ ಕಥೆಯನ್ನು ನೋಡಬೇಕು. ಕೊಲ್ಹಾಪುರಿ ಎಂದು ಲೋಕ ಕರೆಯುವ ಪಾದರಕ್ಷೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರ ಹಕ್ಕುದಾರ ಪ್ರದೇಶಗಳೇ. ಅಥಣಿ ಈ ಕಸುಬಿನ ಹಳೆಯ ನೆಲೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿದಾಗ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಪ್ರೇರಣೆ ಭಾರತದ್ದೇ ಎಂದು ಸಂಸ್ಥೆ ಬಳಿಕ ಒಪ್ಪಿಕೊಂಡಿತು. ಆ ಗದ್ದಲದಲ್ಲಿ ಹೆಚ್ಚಾಗಿ ಕೇಳಿಬಂದ ಹೆಸರು ಕೊಲ್ಹಾಪುರದ್ದು, ಅಥಣಿಯದಲ್ಲ.

ಹೆಸರು ಕೇಳಿಬರಬೇಕಾದರೆ ಮೊದಲು ಅದು ಹುಡುಕಿದರೆ ಸಿಗಬೇಕು. ನಮ್ಮ ಊರುಗಳ ವ್ಯಾಪಾರಿಗಳು ಎಡವುವುದು ಇಲ್ಲಿಯೇ. ಅಂಗಡಿಯ ಹೆಸರು, ವಿಳಾಸ, ಬೆಲೆ, ಹಬ್ಬದ ರಿಯಾಯಿತಿ ಎಲ್ಲವನ್ನೂ ಬಣ್ಣಬಣ್ಣದ ಒಂದೇ ಚಿತ್ರದೊಳಗೆ ಅಚ್ಚುಹಾಕಿಸಿ ಏರಿಸಿಬಿಡುತ್ತಾರೆ. ಮನುಷ್ಯನ ಕಣ್ಣಿಗೆ ಅದು ಬರಹ. ಹುಡುಕುಯಂತ್ರದ ಪಾಲಿಗೆ ಬಹುತೇಕ ಬರಿಯ ಬಣ್ಣದ ಚುಕ್ಕೆಗಳು. ದೃಷ್ಟಿಯಿಲ್ಲದವರಿಗೆ ಪುಟ ಓದಿಹೇಳುವ ತಂತ್ರಾಂಶವೂ ಅಲ್ಲಿ ಮೂಕವಾಗುತ್ತದೆ.

ಈ ಅಭ್ಯಾಸಕ್ಕೊಂದು ಚರಿತ್ರೆಯಿದೆ. ಹಿಂದೆ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಫಾಂಟ್ ಮಾಡುತ್ತಿದ್ದರು. ಅದೇ ಫಾಂಟ್ ಇಲ್ಲದ ಗಣಕದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಚಿತ್ರವಾಗಿಸುವುದೊಂದೇ ಅಂದಿನ ಸುರಕ್ಷಿತ ದಾರಿ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ಬಂದಿತು. ಕಾರಣ ಅಳಿದು ಎರಡು ದಶಕ ಕಳೆದರೂ ರೂಢಿ ಮಾತ್ರ ಉಳಿದುಕೊಂಡಿದೆ.

ರೋಮನ್ ಲಿಪಿಯಲ್ಲಿ ನಿಪ್ಪಾಣಿಗೆ ಒಂದು ‘ಪಿ’ಯೇ ಎರಡೇ ಎಂಬ ಗೊಂದಲ ಇನ್ನೊಂದು. ಎರಡನ್ನೂ ಪುಟದಲ್ಲಿ ಬರೆದಿಡುವುದೇ ಜಾಣತನ. ಭಾಷೆಯ ವಿಷಯದಲ್ಲಂತೂ ನಮ್ಮ ಪಾಂಡಿತ್ಯ ಇಲ್ಲಿ ಪೂರ್ತಿ ಸೋಲುತ್ತದೆ. ಬಳಕೆದಾರನಿರುವ ಸ್ಥಳವನ್ನು ಊಹಿಸಿ ಭಾಷೆಯನ್ನು ತಾನಾಗಿ ಬದಲಿಸುವ ವ್ಯವಸ್ಥೆ ಬೆಂಗಳೂರಿನಲ್ಲಿ ಕುಳಿತವರಿಗೆ ಚೆಂದ ಕಾಣಬಹುದು. ಮಿರಜಿಗೆ ಅಂಟಿಕೊಂಡಂತಿರುವ ಕಾಗವಾಡದಲ್ಲಿ, ಒಂದೇ ಮನೆಯಲ್ಲಿ ಕನ್ನಡವೂ ಮರಾಠಿಯೂ ನಡೆಯುವ ಕಡೆ, ಅದು ಅಧಿಕಪ್ರಸಂಗ. ಭಾಷೆಗಳ ಹೆಸರನ್ನು ಆಯಾ ಲಿಪಿಯಲ್ಲೇ ಬರೆದಿಟ್ಟು ಆಯ್ಕೆಯನ್ನು ಓದುವವರಿಗೆ ಬಿಡಬೇಕು.

ಇನ್ನು ಚಿತ್ರಗಳು. ಮೊಬೈಲಿನಲ್ಲಿ ತೆಗೆದ ನಾಲ್ಕು ಎಂಬಿ ತೂಕದ ಫೋಟೋವನ್ನು ಹಾಗೆಯೇ ಪುಟಕ್ಕೆ ಏರಿಸಿದರೆ ದುರ್ಬಲ ಸಂಪರ್ಕವಿರುವ ಗಿರಾಕಿ ಕಾಯುವುದಿಲ್ಲ. ಸಾವಿರ ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಹೆಣಿಗೆಯ ಎಳೆಗಳೂ ಕಾಣುತ್ತವೆ, ತೂಕವೂ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು ಜೋಡಿಯಿಂದ ಜೋಡಿಗೆ ಬಣ್ಣ ಬದಲಿಸುತ್ತದೆ. ಎಣ್ಣೆ ಕಂಡಂತೆ, ತುಳಿದಂತೆ ಕಪ್ಪಾಗುತ್ತದೆ. ಟ್ಯೂಬ್‌ಲೈಟಿನಡಿ ತೆಗೆದ ಫೋಟೋ ಇದನ್ನೆಲ್ಲ ಮುಚ್ಚಿಡುತ್ತದೆ. ಬೆಳಗಿನ ಹೊತ್ತು ಬಾಗಿಲ ಬಳಿಯ ನೆರಳಿನಲ್ಲಿ ತೆಗೆದದ್ದು ಲೇಸು. ಬಣ್ಣ ತುಸು ಬೇರೆಯಿರಬಹುದೆಂದು ಪಕ್ಕದಲ್ಲೇ ಬರೆಯುವುದರಿಂದ ಮಾರಾಟ ಕೆಡುತ್ತದೆಂಬ ಭಯ ಅನಗತ್ಯ. ಹಿಂದಿರುಗಿ ಬರುವ ಪೆಟ್ಟಿಗೆಯ ಸಾಗಣೆ ವೆಚ್ಚಕ್ಕಿಂತ ಆ ಒಂದು ಸಾಲು ಅಗ್ಗ. ನಡೆಯುವಾಗಿನ ‘ಕರ್ರ್ ಕರ್ರ್’ ಸದ್ದನ್ನು ಕೇಳಿ ಕೊಳ್ಳುವವರಿಗೆ ಮಾತ್ರ ಪರದೆಯಲ್ಲಿ ಉಪಾಯವಿಲ್ಲ. ತಾನಾಗಿ ಸದ್ದು ಮಾಡುವ ಜಾಲಪುಟವನ್ನು ಯಾರೂ ಕ್ಷಮಿಸುವುದಿಲ್ಲ.

ಉಳಿದದ್ದು ಅಳತೆ. ಏಳು, ಎಂಟು ಎಂಬ ಅಂಕಿಗಳು ಕಾರ್ಖಾನೆಯ ಬೂಟಿಗೆ ಸರಿ. ಅಂಗುಷ್ಠದ ಉಂಗುರ, ಪಾದದ ಅಗಲ ಎರಡೂ ಹೊಂದಬೇಕಾದ, ಹೊಸತರಲ್ಲಿ ಬಿಗಿಯಿದ್ದು ಆಮೇಲೆ ಸಡಿಲಗೊಳ್ಳುವ ತೊಗಲಿಗೆ ಅವು ಸಾಲವು. ಗಿರಾಕಿಯ ಕಾಲನ್ನು ಕಾಗದದ ಮೇಲೆ ಇರಿಸಿ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದು ಚಪ್ಪಲಿ ಹೊಲಿಯುವವರ ಹಳೆಯ ಕ್ರಮ. ಕೊಳ್ಳುವವರು ಅದೇ ಗೆರೆಯನ್ನು ಮನೆಯಲ್ಲೇ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸುವಂತೆ ಪುಟದಲ್ಲಿ ಒಂದು ಗುಂಡಿಯಿಟ್ಟರೆ ಸಾಕು. ಅದರ ಮೇಲೆ ‘ಪಾದದ ಅಳತೆ ಕಳುಹಿಸಿ’ ಎಂದು ಕನ್ನಡದಲ್ಲೇ ಬರೆಯಿರಿ.