ಪ್ರತಿ ಗೆರೆಗೂ ಒಂದು ಕಾರಣ ಇರಲಿ

ಕಂಪ್ಯೂಟರ್ ಪರದೆಯ ಮೇಲೆ ಆಯತ ಎಳೆಯುವುದು ಕ್ಷಣದ ಕೆಲಸ. ನಾಳೆ ಅಳತೆ ಬದಲಾದರೆ ಅದು ಆಯತವಾಗಿಯೇ ಉಳಿಯುತ್ತದೆಯೇ? ಕ್ಯಾಡ್ (ಕಂಪ್ಯೂಟರ್ ನೆರವಿನ ವಿನ್ಯಾಸ) ಕಲಿಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಈ ಗೆರೆಗಳು ಸಮಾಂತರವಾಗಿರಲಿ, ಆ ಮೂಲೆ ಲಂಬಕೋನವಾಗಿರಲಿ, ಎರಡೂ ವೃತ್ತಗಳು ಒಂದೇ ಗಾತ್ರದಲ್ಲಿರಲಿ ಎಂದು ಸಾಫ್ಟ್‌ವೇರ್‌ಗೆ ಹಾಕಿಕೊಡುವ ಕಟ್ಟುಪಾಡುಗಳೇ 'ಕನ್‌ಸ್ಟ್ರೇಂಟ್'ಗಳು.

ಈ ಕಲ್ಪನೆ ಹೊಸದಲ್ಲ. ಅಮೆರಿಕದ ಐವನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ 'ಸ್ಕೆಚ್‌ಪ್ಯಾಡ್' ಎಂಬ ಸಾಫ್ಟ್‌ವೇರ್‌ನಲ್ಲೇ ಅದಿತ್ತು. ಲೈಟ್ ಪೆನ್ನಿನಿಂದ ಒರಟಾಗಿ ಗೀಚಿ ನಿಯಮ ಹೇಳಿದರೆ, ಚಿತ್ರವನ್ನು ಕಂಪ್ಯೂಟರೇ ತಿದ್ದಿಕೊಡುತ್ತಿತ್ತು. ಇಂದು ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲೂ ಈ ಅನುಕೂಲವಿದೆ.

ಒಂದು ಉದಾಹರಣೆ ನೋಡೋಣ. 100 ಮಿ.ಮೀ. ಅಗಲದ ತಗಡು, ಮೋಟರ್ ಕೂರಿಸಲು ಎಡಕ್ಕೊಂದು, ಬಲಕ್ಕೊಂದು ತೂತು. ಮೊದಲು ಆಯತದ ಎದುರುಬದುರು ಮೂಲೆಗಳನ್ನು ಮೂಲಬಿಂದುವಿನ ಸುತ್ತ ಸಮಮಿತಿಗೊಳಿಸಿ, ಅಗಲ, ಎತ್ತರ ಕೊಡಿ. ಬಳಿಕ ತೂತುಗಳ ಕೇಂದ್ರಗಳನ್ನು ಅಡ್ಡ ಅಕ್ಷದ ಮೇಲೆ, ಲಂಬ ಅಕ್ಷದಿಂದ ಸಮದೂರದಲ್ಲಿಟ್ಟು, ವ್ಯಾಸ ಸಮ ಎಂದು ಹೇಳಿ. ಇನ್ನು ಬೇಕಾಗುವುದು ಎರಡೇ ಅಳತೆ: ವ್ಯಾಸ ಮತ್ತು ತೂತುಗಳ ಸ್ಥಾನ.

ಸ್ಥಾನವನ್ನು ಎಲ್ಲಿಂದ ಅಳೆಯಬೇಕು ಎಂಬಲ್ಲಿದೆ ವಿನ್ಯಾಸಕಾರನ ಬುದ್ಧಿ. ಅಂಚಿನಿಂದ 15 ಮಿ.ಮೀ. ಎಂದರೂ, ಕೇಂದ್ರಗಳ ನಡುವೆ 70 ಮಿ.ಮೀ. ಎಂದರೂ ಇವತ್ತಿನ ಚಿತ್ರ ಒಂದೇ. ನಾಳೆ ಅಗಲವನ್ನು 120ಕ್ಕೆ ಏರಿಸಿ ನೋಡಿ. ಮೊದಲನೆಯದರಲ್ಲಿ ತೂತುಗಳು ಅಂಚಿನೊಡನೆ ಸರಿದು ಅವುಗಳ ಅಂತರ 90 ಆಗುತ್ತದೆ, ಮೋಟರ್ ಕೂರುವುದಿಲ್ಲ. ಎರಡನೆಯದರಲ್ಲಿ ಅಂತರ 70 ಆಗಿಯೇ ಉಳಿಯುತ್ತದೆ. ಎರಡೂ ಅಳತೆಗಳನ್ನು ಒಟ್ಟಿಗೆ ಕೊಟ್ಟರೆ ಒಂದು ಹೆಚ್ಚಾಯಿತೆಂದು ಸಾಫ್ಟ್‌ವೇರ್ ಎಚ್ಚರಿಸುತ್ತದೆ.

ಚಿತ್ರ ಬಿಡಿಸುವಾಗ ನೆರವಾಗುವ ಸ್ನ್ಯಾಪ್, ಗ್ರಿಡ್‌ಗಳಿಂದ ಕೆಲಸ ಚುರುಕಾಗುತ್ತದೆ. ಆದರೆ ಎರಡು ಡಿಗ್ರಿ ಓರೆ ಇರಬೇಕಾದ ಗೆರೆಗೂ ಸಾಫ್ಟ್‌ವೇರ್ ತಾನಾಗಿಯೇ 'ಅಡ್ಡ' ಎಂಬ ಗುರುತು ಅಂಟಿಸಬಹುದು. ಹೀಗೆ ತಾನಾಗಿ ಬಂದ ಪ್ರತಿ ಗುರುತನ್ನೂ ಪರಿಶೀಲಿಸಲೇಬೇಕು. ಒಂದು ಬಿಂದುವನ್ನು ಮೌಸ್‌ನಿಂದ ಹಿಡಿದೆಳೆದರೆ ಎಲ್ಲಿ ಸಡಿಲವಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಎಲ್ಲವೂ ಬಿಗಿಯಾದಾಗ ಫ್ರೀಕ್ಯಾಡ್‌ನಲ್ಲಿ ಚಿತ್ರ ಹಸಿರಾಗುತ್ತದೆ, ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆಗಳು ಕಪ್ಪಾಗುತ್ತವೆ. ಆದರೆ ಆ ಬಣ್ಣ ಹೇಳುವುದು ಚಿತ್ರ ಅಲುಗುವುದಿಲ್ಲ ಎಂಬುದನ್ನಷ್ಟೇ; ವಿನ್ಯಾಸ ಸರಿಯಿದೆ ಎಂದಲ್ಲ.

ಐಟಿಐ, ಡಿಪ್ಲೊಮಾ ತರಗತಿಗಳಲ್ಲಿ ಕ್ಯಾಡ್ ಕಲಿಸುವವರಲ್ಲಿ ಒಂದು ವಿನಂತಿ. ಕಮಾಂಡುಗಳನ್ನು ಬಾಯಿಪಾಠ ಮಾಡಿಸುವ ಮೊದಲು, ಈ ಭಾಗ ಯಾವುದಕ್ಕೆ ಜೋಡಣೆಯಾಗುತ್ತದೆ, ಯಾವ ಅಳತೆ ಬದಲಾಗಬಹುದು, ಯಾವುದು ಬದಲಾಗಬಾರದು ಎಂದು ವಿದ್ಯಾರ್ಥಿಗಳಿಂದ ಕಾಗದದ ಮೇಲೆ ಬರೆಸಿ. ಸಾಫ್ಟ್‌ವೇರ್ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹೀಗೆ ಯೋಚಿಸಲು ಕಲಿತವರು ಯಾವ ಸಾಫ್ಟ್‌ವೇರ್ ಬಂದರೂ ಅಂಜಬೇಕಿಲ್ಲ.