ಅಂತರ್ಜಾಲದ ಸ್ವತಂತ್ರ ಬರವಣಿಗೆಯಲ್ಲಿ ಗುಣದ ಬೆಲೆ

ಯಾವ ಸಂಸ್ಥೆಯ ಸಂಬಳಕ್ಕೂ ಒಳಪಡದೆ, ಒಂದೊಂದು ಬರಹಕ್ಕೆ ಇಷ್ಟಿಷ್ಟೆಂದು ಸಂಭಾವನೆ ಪಡೆದು ಬರೆಯುವವನನ್ನು ಸ್ವತಂತ್ರ ಲೇಖಕನೆಂದು ಕರೆಯುವುದು ರೂಢಿ. ಅಂತರ್ಜಾಲವು ಈ ವೃತ್ತಿಯನ್ನು ಬಹುವಾಗಿ ವಿಸ್ತರಿಸಿದೆ. ಪದವಿ ಮುಗಿಸಿದ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಲೇಖನ, ಅನುವಾದ, ಜಾಹೀರಾತಿನ ಬರಹ ಇವುಗಳಿಂದ ಜೀವನೋಪಾಯವನ್ನು ಕಂಡುಕೊಳ್ಳುತ್ತಿದ್ದಾರೆ. ಇಂತಹ ಬರವಣಿಗೆಯಲ್ಲಿ ಗುಣಕ್ಕೆ ಬೆಲೆಯುಂಟೆ, ಉಂಟಾದರೆ ಅದು ಯಾರಿಗೆ, ಯಾವಾಗ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಬಹುದು.

ಮೊದಲು ಗುಣವೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಶೈಲಿಯ ಸೊಗಸು ಅದರ ಒಂದು ಅಂಶ ಮಾತ್ರ. ಹೇಳಿದ ಸಂಗತಿ ನಿಜವಾಗಿರುವುದು, ಓದುಗನ ಪ್ರಯೋಜನಕ್ಕೆ ಒದಗುವುದು, ತೊಡಕಿಲ್ಲದೆ ಅರ್ಥವಾಗುವುದು, ಈ ಮೂರೂ ಕೂಡಿದಲ್ಲಿ ಬರಹಕ್ಕೆ ಗುಣವಿದೆಯೆನ್ನಬಹುದು. ಆದರೆ ಇವನ್ನು ಎಣಿಸಲು ಬಾರದು, ಪದಗಳನ್ನು ಎಣಿಸಬಹುದು. ಆದುದರಿಂದಲೇ ಪದಕ್ಕಿಷ್ಟು ಎಂಬ ದರವು ಬಳಕೆಗೆ ಬಂದಿತು. ಕನ್ನಡದಲ್ಲಿ ಈ ಅಳತೆಯ ಕೊರತೆ ಎದ್ದು ತೋರುತ್ತದೆ. ‘ಊರಿನಲ್ಲಿದ್ದಾನೆ’ ಎಂದು ಸಂಧಿಗೂಡಿಸಿ ಬರೆದರೆ ಒಂದು ಪದ. ‘ಊರಿನಲ್ಲಿ ಇದ್ದಾನೆ’ ಎಂದು ಬಿಡಿಸಿ ಬರೆದರೆ ಎರಡು. ಅರ್ಥವು ಎಳ್ಳಿನಷ್ಟೂ ಹೆಚ್ಚಲಿಲ್ಲ. ಕೂಲಿ ಮಾತ್ರ ಇಮ್ಮಡಿಯಾಯಿತು. ಅಡಕವಾಗಿ ಬರೆಯುವವನಿಗೆ ನಷ್ಟ, ಲಂಬಿಸಿ ಬರೆಯುವವನಿಗೆ ಲಾಭ.

ಎಣಿಕೆಯನ್ನೇ ನಂಬಿದ ಉದ್ಯಮಕ್ಕೆ ಅಮೆರಿಕದ ಡಿಮ್ಯಾಂಡ್ ಮೀಡಿಯ ಸಂಸ್ಥೆಯು ಒಂದು ನಿದರ್ಶನ. 2006ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು, ಜನರು ಶೋಧಯಂತ್ರದಲ್ಲಿ ಏನನ್ನು ಹುಡುಕುತ್ತಾರೆ, ಅದಕ್ಕೆ ಉತ್ತರವಾದ ಪುಟದಲ್ಲಿ ಜಾಹೀರಾತಿನಿಂದ ಎಷ್ಟು ಆದಾಯ ಬಂದೀತು ಎಂಬುದನ್ನು ಗಣಕದಿಂದ ಲೆಕ್ಕಹಾಕಿಸಿ, ಅದಕ್ಕೆ ತಕ್ಕ ಶೀರ್ಷಿಕೆಗಳನ್ನು ಸ್ವತಂತ್ರ ಲೇಖಕರಿಗೆ ಹಂಚುತ್ತಿತ್ತು. ಒಂದು ಲೇಖನಕ್ಕೆ ಸುಮಾರು 15 ಡಾಲರು ಸಂಭಾವನೆ. ಇದರಿಂದ ಬಾಳಬೇಕಾದರೆ ದಿನಕ್ಕೆ ಹಲವು ಲೇಖನಗಳನ್ನು ಮುಗಿಸಬೇಕು. ಸಂಗತಿಯನ್ನು ಪರಿಶೀಲಿಸಲು ವ್ಯವಧಾನವೆಲ್ಲಿಯದು? 2011ರ ಜನವರಿಯಲ್ಲಿ ಸಂಸ್ಥೆಯು ನ್ಯೂಯಾರ್ಕಿನ ಷೇರುಪೇಟೆಯನ್ನು ಪ್ರವೇಶಿಸಿದಾಗ ಅದರ ಮೌಲ್ಯ 100 ಕೋಟಿ ಡಾಲರನ್ನು ಮೀರಿತ್ತು. ಮರುತಿಂಗಳೇ ಗೂಗಲ್ ಸಂಸ್ಥೆಯು, ಮುಂದೆ ‘ಪಾಂಡಾ’ ಎಂದು ಪ್ರಸಿದ್ಧವಾದ ಮಾರ್ಪಾಟನ್ನು ತನ್ನ ಶೋಧಯಂತ್ರದಲ್ಲಿ ತಂದು, ಸತ್ತ್ವಹೀನವಾದ ಪುಟಗಳನ್ನು ಹಿಂದಕ್ಕೆ ತಳ್ಳಿತು. ಅಮೆರಿಕದ ಶೋಧಗಳಲ್ಲಿ ಶೇಕಡ 11.8ರಷ್ಟಕ್ಕೆ ಇದರ ಪರಿಣಾಮ ತಟ್ಟುವುದೆಂದು ಗೂಗಲ್ ತಿಳಿಸಿತು. ಏಪ್ರಿಲಿನಲ್ಲಿ ಇದು ಇತರ ದೇಶಗಳ ಇಂಗ್ಲಿಷ್ ಶೋಧಗಳಿಗೂ ವಿಸ್ತರಿಸಿದಾಗ ಡಿಮ್ಯಾಂಡ್ ಮೀಡಿಯದ ‘ಈಹೌ’ ತಾಣವು ಪೆಟ್ಟು ತಿಂದಿತು. ಸಂಸ್ಥೆಯು ತನ್ನ ಬರಹಗಳನ್ನು ತಾನೇ ಲಕ್ಷಗಟ್ಟಲೆ ತೆಗೆದುಹಾಕಬೇಕಾಯಿತು. ಲೇಖಕರಿಗೆ ದೊರೆಯುತ್ತಿದ್ದ ಕೆಲಸವೂ ಕುಗ್ಗಿತು. ಹುರುಳಿಲ್ಲದ ಬರಹದ ಲಾಭ ಬೇಗ ಬರುತ್ತದೆ, ನಷ್ಟ ತಡವಾಗಿ ಬರುತ್ತದೆ.

ಒಳ್ಳೆಯ ಬರಹದ ವಿಷಯದಲ್ಲಿ ಈ ಕ್ರಮವು ತಿರುವುಮುರುವಾಗುತ್ತದೆ. ಲಂಡನ್ನಿನ ಪುಸ್ತಕ ವ್ಯಾಪಾರಿಗಳಿಗಾಗಿ ಬರೆದು ಜೀವಿಸುತ್ತಿದ್ದ ಸ್ಯಾಮ್ಯುಯಲ್ ಜಾನ್ಸನ್ 1746ರಲ್ಲಿ 1,500 ಗಿನಿಗಳಿಗೆ ಇಂಗ್ಲಿಷ್ ನಿಘಂಟನ್ನು ರಚಿಸಿಕೊಡಲು ಒಪ್ಪಿದನು. ಮೂರು ವರ್ಷಗಳಲ್ಲಿ ಮುಗಿದೀತೆಂದು ಭಾವಿಸಿದ ಕಾರ್ಯವು 1755ರಲ್ಲಿ ಪ್ರಕಟವಾಯಿತು. ಹಣ ಹೆಚ್ಚಲಿಲ್ಲ, ಸಹಾಯಕರ ವೇತನವನ್ನೂ ಅದರಲ್ಲಿಯೇ ಕೊಡಬೇಕಾಗಿತ್ತು. ನಿಘಂಟು ಕೀರ್ತಿಯನ್ನು ತಂದಿತಾದರೂ, 1756ರಲ್ಲಿ ಆತನು ಆರು ಪೌಂಡಿಗೂ ಕಡಮೆಯಾದ ಸಾಲಕ್ಕಾಗಿ ಬಂಧನಕ್ಕೊಳಗಾದನು. ವರ್ಷಕ್ಕೆ 300 ಪೌಂಡುಗಳ ರಾಜವೇತನ ದೊರೆತು ಆತನ ಬಡತನ ನೀಗಿದುದು 1762ರಲ್ಲಿ. ಗುಣಕ್ಕೆ ಬೆಲೆ ಬಾರದೆ ಹೋಗಲಿಲ್ಲ. ಆದರೆ ಅದು ಬರುವ ತನಕ ಕಾದವನು ಲೇಖಕನೊಬ್ಬನೇ. ಎಲ್ಲರೂ ಜಾನ್ಸನ್ನನಂತೆ ಕಾಯಲಾರರು. ಆದುದರಿಂದ ‘ಚೆನ್ನಾಗಿ ಬರೆಯಿರಿ, ಫಲ ತಾನಾಗಿಯೇ ಬರುವುದು’ ಎಂಬ ಉಪದೇಶವು ಅರ್ಧಸತ್ಯ.

ಈಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ, ತಪ್ಪಿಲ್ಲದ ವಾಕ್ಯಗಳನ್ನು ಎಷ್ಟು ಬೇಕಾದರೂ ಯಂತ್ರದಿಂದ ಪಡೆಯಬಹುದಾಗಿದೆ. ಪದಕ್ಕೆಂದು ಕೊಡುತ್ತಿದ್ದ ಬೆಲೆಗೆ ಇದರಿಂದ ಆಧಾರವೇ ತಪ್ಪಿದಂತಾಯಿತು. ಶೋಧದಲ್ಲಿ ಮೇಲೇರುವುದೊಂದನ್ನೇ ಗುರಿಯಾಗಿಟ್ಟುಕೊಂಡು ರಾಶಿರಾಶಿಯಾಗಿ ತಯಾರಾದ ಪುಟಗಳನ್ನು, ಅವು ಮನುಷ್ಯಕೃತವಾಗಲಿ ಯಂತ್ರಕೃತವಾಗಲಿ, ದುರುಪಯೋಗವೆಂದು ಗಣಿಸುವುದಾಗಿ 2024ರ ಮಾರ್ಚಿಯಲ್ಲಿ ಗೂಗಲ್ ಪ್ರಕಟಿಸಿತು. ಹೀಗಿರುವಲ್ಲಿ ಲೇಖಕನಿಗೆ ಉಳಿದಿರುವ ಬಂಡವಾಳವೆಂದರೆ, ತಾನೇ ಕಂಡು ಕೇಳಿ ಪರಿಶೀಲಿಸಿದ ಸಂಗತಿ ಮತ್ತು ಅದಕ್ಕೆ ತನ್ನ ಹೆಸರಿನಿಂದ ಹೊರುವ ಹೊಣೆ.

ಇದರಿಂದ ಎರಡು ಕರ್ತವ್ಯಗಳು ಸಿದ್ಧವಾಗುತ್ತವೆ. ಬರೆಯುವವನು ಪರಿಶೀಲಿಸದ ಮಾತನ್ನು ಮಾರಬಾರದು. ಬರೆಯಿಸುವವನು ಪರಿಶೀಲನೆಯ ಕಾಲಕ್ಕೂ ಸಂಭಾವನೆ ಕೊಡಬೇಕು. ಮೊದಲನೆಯದನ್ನು ಮಾತ್ರ ಕೇಳಿ ಎರಡನೆಯದನ್ನು ಮರೆತರೆ, ಗುಣದ ಭಾರವೆಲ್ಲ ಬಡ ಲೇಖಕನ ಹೆಗಲ ಮೇಲೆ ಬೀಳುತ್ತದೆ. ಅಧ್ಯಾಪಕರಿಗೂ ಇದರಲ್ಲಿ ಪಾಲುಂಟು. ಉತ್ತರವು ಎಷ್ಟು ಪುಟ ತುಂಬಿದೆಯೆಂದು ನೋಡಿ ಅಂಕವಿತ್ತರೆ, ಪದವನ್ನೆಣಿಸಿ ಬರೆಯುವ ಅಭ್ಯಾಸವನ್ನು ವಿದ್ಯಾರ್ಥಿಯು ಕಾಲೇಜಿನಲ್ಲಿಯೇ ಕಲಿತು ಹೊರಡುತ್ತಾನೆ.