ಬಾದಾಮಿ ಗುಡ್ಡದ ತೆರೆಗಳು

ನವನಗರದವರಿಗೆ ನೀರು ಹೊಸದಲ್ಲ. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗಿದ್ದಕ್ಕೇ ಇಲ್ಲಿ ಸೆಕ್ಟರುಗಳು ಎದ್ದವು. ಆದರೆ ಕಡಲು ಬೇಕೆಂದರೆ ಘಟ್ಟ ಇಳಿದು ಗೋಕರ್ಣಕ್ಕೋ ಕಾರವಾರಕ್ಕೋ ಹೋಗಬೇಕು. ಅದು ಒಂದು ದಿನದ ಮಾತಲ್ಲ. ಹಾಗಾಗಿ ಚಳಿಗಾಲದ ಒಂದು ಭಾನುವಾರ ಓಣಿಯ ನಾಲ್ಕಾರು ಮನೆಯವರು ಕ್ರೂಸರ್ ಹತ್ತಿ ಬಾದಾಮಿಗೆ ಹೊರಟೆವು. ಗುಹೆ ಆಮೇಲೆ, ಮೊದಲು ಗುಡ್ಡ ಎಂದು ಮೊದಲೇ ಮಾತಾಗಿತ್ತು.

ಶಿಡ್ಲಫಡಿಯ ಕಾಲುದಾರಿ ಹಿಡಿದಾಗ ಬಿಸಿಲು ಇನ್ನೂ ಎಳೆಯದು. ಎರಡೂ ಕಡೆ ಮುಳ್ಳುಕಂಟಿ, ನಡುವೆ ಕೆಂಪು ಹಾಸುಬಂಡೆ. ಒಂದು ಕಡೆ ಬಂಡೆಯ ಮೈತುಂಬ ಸಾಲು ಸಾಲು ಗೆರೆ, ಹೊಳೆದಂಡೆಯ ಉಸುಕಿನಲ್ಲಿ ಮೂಡುವಂಥವು.

“ಇದನ್ನ ಯಾರರ ಕೆತ್ತ್ಯಾರೇನ್ರೀ ಸರ್?” ಎಂದಳು ಹುಡುಗಿಯೊಬ್ಬಳು.

“ಯಾರೂ ಕೆತ್ತಿಲ್ಲವಾ, ನೀರು ಬರದೈತಿ,” ಎಂದರು ನಮ್ಮ ಜೊತೆಗಿದ್ದ ಭೂಗೋಳದ ಮಾಸ್ತರು.

ಕೋಟ್ಯಂತರ ವರ್ಷಗಳ ಹಿಂದೆ ಹರಿವ ನೀರು, ಆಳವಿಲ್ಲದ ಕಡಲು ತಂದು ಹಾಸಿದ ಮರಳು ಪದರ ಪದರವಾಗಿ ಗಟ್ಟಿಗೊಂಡು ಈ ಕಲ್ಲಾಯಿತು. ಈ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ಇಟ್ಟಿರುವುದು ನಮ್ಮ ದಾಳಿಂಬೆಯ ಕಲಾದಗಿಯ ಹೆಸರನ್ನೇ. ಕಡಲು ನೋಡಿರದ ಮಕ್ಕಳು ಬಾಗಿ ಬಾಗಿ ಆ ತೆರೆಗಳ ಮೇಲೆ ಬೆರಳಾಡಿಸಿದರು.

ಶಿಡ್ಲಫಡಿ ಎಂದರೆ ಬಂಡೆಯೇ ಕಮಾನಾಗಿ ನಿಂತ ಜಾಗ. ಸಿಡಿಲು ಬಡಿದು ಹೀಗಾಯಿತೆಂಬುದು ಜನರ ಮಾತು. ಚಾವಣಿಯ ಕಂಡಿಯಿಂದ ಬೆಳಕು ನೇರ ನೆಲಕ್ಕೆ ಬೀಳುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಲ್ಲಿ ಕೆಂಪು ರೇಖೆಗಳು ಒಂದೊಂದಾಗಿ ಕಾಣತೊಡಗುತ್ತವೆ: ಪ್ರಾಣಿಗಳು, ಮನುಷ್ಯರು. ಚಾಲುಕ್ಯರಿಗಿಂತ ಎಷ್ಟೋ ಮೊದಲು, ಬರಹವೇ ಇಲ್ಲದ ಕಾಲದವರು ಬರೆದವು. ಗದ್ದಲ ಮಾಡುತ್ತಿದ್ದ ಹುಡುಗರೂ ಇಲ್ಲಿ ಪಿಸುಮಾತಿಗೆ ಇಳಿದರು.

ಮಧ್ಯಾಹ್ನ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಅವ್ವಂದಿರು ಸುತ್ತುವರಿದರು. “ರೊಟ್ಟಿ ತಗೋರಿ, ಮಸರು ಗಟ್ಟಿ ಐತ್ರಿ.” ಖಡಕ್ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಕುಡಿಕೆಯ ಮೊಸರು. ಯಾವ ಹೋಟೆಲಿನ ಊಟವೂ ಇದರ ಮುಂದೆ ಸಪ್ಪೆ, ಇದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಗುಹೆಗಳು. ಹದಿನೆಂಟು ಕೈಗಳ ನಟರಾಜನನ್ನೂ, 578ರಲ್ಲಿ ಮಂಗಲೇಶ ಮಾಡಿಸಿದ ಮೂರನೆಯ ಗುಹೆಯನ್ನೂ ಎಲ್ಲರೂ ಬಲ್ಲರು. ಈ ಸಲ ಮಾತ್ರ ಕಣ್ಣು ಕಂಬದ ಕಲ್ಲಿಗೇ ಹೋಗುತ್ತಿತ್ತು. ಕೆಂಪಿನ ನಡುವೆ ಬಿಳಿ, ಬಿಳಿಯ ಮೇಲೆ ಕಂದು, ಅದೇ ಮರಳಿನ ಪದರ. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯ ಕಟ್ಟೆಯ ಮೇಲೆ ಕೂತಾಗ ಇಡೀ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು.

ಬಾದಾಮಿಗೆ ಒಂದು ತಾಸು ಕೊಟ್ಟು ಪಟ್ಟದಕಲ್ಲಿಗೆ ಓಡುವವರೇ ಹೆಚ್ಚು. ಒಂದು ಇಡೀ ದಿನ ಇಲ್ಲೇ ಕಳೆಯಿರಿ. ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ, ನೀರು ಸಾಕಷ್ಟಿರಲಿ. ಶಿಡ್ಲಫಡಿಯ ಚಿತ್ರಗಳನ್ನು ಮಾತ್ರ ಮುಟ್ಟಬೇಡಿ, ಗೋಡೆಯ ಮೇಲೆ ನಿಮ್ಮ ಹೆಸರು ಕೊರೆಯಬೇಡಿ.